ಎಡಗಿವಿಯ ಸಾಲು

ಮೂರನೆಯ ಸಲ ಕಲ್ಲಯ್ಯ ಕೂಗಿದ್ದೂ ಶಿವಲಿಂಗವ್ವನಿಗೆ ಕೇಳಿಸಲಿಲ್ಲ. ತಿರುಗಿ ನೋಡಿದರೆ ಹಿಂದಿನ ಕೋಣೆಯ ಬಾಗಿಲಲ್ಲಿ ಅವನ ಬಾಯಿ ತೆರೆದಿತ್ತು, ಕುತ್ತಿಗೆಯ ನರ ಉಬ್ಬಿತ್ತು. ಅಷ್ಟೇ.

ಅವಳು ಹೆಡ್‌ಫೋನಿನ ಒಂದು ಬಟ್ಟಲನ್ನು ಕಿವಿಯಿಂದ ಎತ್ತಿದಳು.

"ಕೂಗಿದೇನು?"

"ಕೂಗಿದೇನು ಅಂತ ಕೇಳ್ತಿ? ಗಂಟಲಾ ಹರಕೊಂಡೀನಿ ಅತ್ತಿ. ಆಚಿ ಓಣ್ಯಾನ ನಾಯಿ ಎದ್ದು ಬೊಗಳಾಕ ಹತ್ಯಾವ."

"ನನಗ ಒಬ್ಬಾಕಿ ಅಂಕಿ ಎಣಿಸೋದು ಕೇಳಾಕತ್ತಿತ್ತು. ನಲವತ್ತೇಳು, ನಲವತ್ತೆಂಟು. ನಿನ್ನ ಧ್ವನಿ ಇಲ್ಲ."

"ಹಂಗಾದರ ಆ ಹುಡುಗಿ ಹೇಳೂದು ಖರೇ ಇರಬಹುದು."

"ಇರಬಹುದು. ಇನ್ನೂ ಅರ್ಧಾ ತಾಸು ಆಗಿಲ್ಲ. ಬಾಗಿಲಾ ಹಾಕ್ಕೊಂಡು ಅಲ್ಲೇ ಕುಂದರು."

ಸೋಮವಾರ ಮುಂಜಾನೆ ಖಾನಾಪುರದ ಈ ಬಾಡಿಗೆ ಮನೆಯ ಹಿಂದಿನ ಕೋಣೆಯಲ್ಲಿ ಯಾರೋ ದುಂಡಪ್ಪನ ತಲೆಗೆ ಹೊಡೆದು ಕೊಂದಿದ್ದರು. ಮುಂದಿನ ಕೋಣೆಯಲ್ಲಿ, ಇದೇ ಕುರ್ಚಿಯ ಮೇಲೆ, ಇದೇ ಹೆಡ್‌ಫೋನು ಹಾಕಿಕೊಂಡು ಹತ್ತರಿಂದ ಹನ್ನೆರಡರವರೆಗೆ ಕೂತಿದ್ದ ಕುಂದಾ ತನಗೇನೂ ಕೇಳಲಿಲ್ಲ ಎನ್ನುತ್ತಿದ್ದಳು. ನಲವತ್ತು ಹೆಜ್ಜೆ ಆಚೆ ನೆರೆಮನೆಯ ಅಂಗಳದಲ್ಲಿ ಹಪ್ಪಳ ಹಾಕುತ್ತಿದ್ದ ಕೃಷ್ಣಾಬಾಯಿಗೆ ಹನ್ನೊಂದರ ಸುಮಾರಿಗೆ ಗಂಡಸಿನ ಚೀರು ಕೇಳಿತ್ತು. ಮುಂಬಾಗಿಲಿನಿಂದ ಯಾರೂ ಒಳಗೆ ಹೋಗಿದ್ದನ್ನು ಅವಳು ಕಂಡಿರಲಿಲ್ಲ. ಹಿಂಬಾಗಿಲು ಹೊಳೆಯ ಕಡೆಗೆ ತೆರೆಯುತ್ತಿತ್ತು. ಆ ಕಡೆ ನೋಡುವವರೇ ಇರಲಿಲ್ಲ.

ಈ ದಿನ ಗುರುವಾರ. ಸಂಜೆ ಐದಕ್ಕೆ ಕುಂದಾಳನ್ನು ದಸ್ತಗಿರಿ ಮಾಡಬೇಕೆಂದು ಬೆಳಗಾವಿಯಿಂದ ಹುಕುಂ ಬಂದಿತ್ತು. ಖಾನಾಪುರ ಠಾಣೆಯ ಸಬ್ ಇನ್ಸ್‌ಪೆಕ್ಟರ್ ಕಲ್ಲಯ್ಯನಿಗೆ ಅದು ಒಪ್ಪಿಗೆಯಾಗಿರಲಿಲ್ಲ. ಅದಕ್ಕೇ ಬೆಳಗಿನ ಬಸ್ಸಿಗೆ ಸೋದರತ್ತೆಯನ್ನು ಕರೆಸಿಕೊಂಡಿದ್ದ. ಶಿವಲಿಂಗವ್ವ ಬೆಳಗಾವಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಕಿವಿಗೆ ಯಂತ್ರ ಕಟ್ಟಿಕೊಂಡು ಕೂತವಳು. ಎರಡು ವರ್ಷದ ಹಿಂದೆ, ಎಂಬತ್ತೆರಡನೆಯ ಇಸವಿಯಲ್ಲಿ, ನಿವೃತ್ತಿಯಾಗಿದ್ದಳು. ತಲೆಯ ಮೇಲೆ, ಬೈತಲೆಗೆ ಅಡ್ಡವಾಗಿ, ಪಟ್ಟಿ ಕೂತು ಕೂತು ಬಿದ್ದ ತಗ್ಗು ಇನ್ನೂ ಇತ್ತು.

ಅವಳು ಬಂದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ದುಂಡಪ್ಪ ಅದೇ ಎಕ್ಸ್‌ಚೇಂಜಿನ ಮೆಕ್ಯಾನಿಕ್. ಹನ್ನೊಂದು ವರ್ಷ ಅವಳ ಹೆಡ್‌ಫೋನಿಗೆ ಬೆಸುಗೆ ಹಾಕಿಕೊಟ್ಟವನು. "ಅಕ್ಕಾರ, ನಿಮ್ಮ ಕಿವಿ ಹುಣ್ಣಾಗದಂಥದ್ದು ಒಂದು ಮಾಡೇ ಸಾಯ್ತೀನಿ" ಎಂದು ನಕ್ಕು, ಕೆಲಸ ಬಿಟ್ಟು ಅವಧೂತರಾಯರ ಹೆಡ್‌ಫೋನಿನ ಕಾರ್ಖಾನೆ ಸೇರಿದ್ದ. ಅವನು ಸತ್ತ ಸುದ್ದಿ ಸೋಮವಾರ ರಾತ್ರಿ ಬಂದಾಗ ಶಿವಲಿಂಗವ್ವ ಹೌದೇ ಎಂದು ಕೇಳಿ, ರೊಟ್ಟಿ ತಿಂದು, ಪಾತ್ರೆ ತಿಕ್ಕಿ ಮಲಗಿದ್ದಳು. ಅಳು ಬಂದಿರಲಿಲ್ಲ. ಇವತ್ತಿಗೂ ಬಂದಿರಲಿಲ್ಲ.

ಅವಳು ಬಟ್ಟಲನ್ನು ಮತ್ತೆ ಕಿವಿಯ ಮೇಲೆ ಕೂರಿಸಿಕೊಂಡಳು.

ಅವಧೂತರಾಯರ ಕಾರ್ಖಾನೆ ಇದ್ದದ್ದು ಬೆಳಗಾವಿಯ ಉದ್ಯಮಬಾಗದಲ್ಲಿ. ಸುತ್ತಲೂ ಲೇಥು, ಎರಕದ ಭಟ್ಟಿ. ಅಲ್ಲಿ ಕಿವಿಯ ಪರೀಕ್ಷೆ ಸಾಧ್ಯವಿಲ್ಲವೆಂದು ಖಾನಾಪುರದಲ್ಲಿ ಈ ಸದ್ದಿಲ್ಲದ ಮನೆ ಹಿಡಿದಿದ್ದರು. ತಯಾರಾದ ಮಾಲಿನ ಪ್ರತಿ ಕಂತಿನಿಂದ ಹೆಡ್‌ಫೋನು ತಂದು ಎರಡು ತಾಸು ಬಿಡದೆ ಹಾಕಿಕೊಂಡು ಕೂಡಬೇಕು. ಕಾಲು ತಾಸಿಗೊಮ್ಮೆ ಬುಕ್ಕಿನಲ್ಲಿ ಗುರುತು. ಪುಟದಲ್ಲಿ ಎರಡು ಉದ್ದ ಸಾಲು: ಬಲಗಿವಿಗೆ ಒಂದು, ಎಡಗಿವಿಗೆ ಒಂದು. ಒಂದೊಂದರಲ್ಲೂ ಗೆರೆ ಹಾಕಿದ ಎಂಟು ಮನೆ. ಉತ್ತಮಕ್ಕೆ 'ಉ', ಮಧ್ಯಮಕ್ಕೆ 'ಮ', ಕಷ್ಟಕ್ಕೆ 'ಕ'. ಎದುರಿನ ಗೋಡೆಗೆ ಮಾಲಕರ ಸಹಿಯ ಕಾಗದ ಅಂಟಿಸಿತ್ತು: 'ಒಂದು ಮನೆ ಖಾಲಿ ಇದ್ದರೂ ಆ ಕಂತಿನ ಮಾಲು ಲಾರಿ ಹತ್ತತಕ್ಕದ್ದಲ್ಲ.'

ಟೇಪನ್ನು ದುಂಡಪ್ಪನೇ ತಯಾರಿಸಿದ್ದ. ಮೊದಲು ತಂಬೂರಿ. ಆಮೇಲೆ ಡಗ್ಗಾ, ತಾಳ, ಗಂಟೆ. ಒಬ್ಬ ಹೆಂಗಸು ನೂರರವರೆಗೆ ಎಣಿಸುತ್ತಾಳೆ. ಮತ್ತೆ ತಂಬೂರಿ.

ಶಿವಲಿಂಗವ್ವ ಆತುರಪಡದೆ ಕೇಳಿದಳು. ಡಗ್ಗಾದ ಪೆಟ್ಟು ಸ್ವಲ್ಪ ದಪ್ಪ, ಒದ್ದೆ ಅರಳೆಯ ಮೇಲೆ ಗುದ್ದಿದ ಹಾಗೆ. ತಾಳದ ತುದಿ ಚೂಪು; ಧ್ವನಿ ಏರಿಸಿದರೆ ಚುಚ್ಚುತ್ತದೆ. ಗಂಟೆ ಮಾತ್ರ ಚೆಂದ. ಹೊಡೆದ ಮೇಲೆ ಅದರ ನಾದ ಬಹಳ ಹೊತ್ತು ಉಳಿದು, ಎಲ್ಲಿ ಮುಗಿಯಿತು ಎಂದು ಹೇಳಲಾಗದ ಹಾಗೆ ಮುಗಿಯುತ್ತಿತ್ತು. ಎಣಿಸುವ ಹೆಂಗಸು ಬಲಕ್ಕೂ ಇರಲಿಲ್ಲ, ಎಡಕ್ಕೂ ಇರಲಿಲ್ಲ. ಹಣೆಯ ಹಿಂದೆ, ತಲೆಯ ನಟ್ಟನಡುವೆ ಕೂತು ಎಣಿಸುತ್ತಿದ್ದಳು. ಎಕ್ಸ್‌ಚೇಂಜಿನ ಕರಕರ ಯಂತ್ರದಲ್ಲಿ ಇಂಥದ್ದನ್ನು ಅವಳು ಕೇಳಿದ್ದೇ ಇಲ್ಲ.

ಮೊದಲ ಎರಡು ಗುರುತಿನವರೆಗೆ ಸುಖ. ಬಟ್ಟಲಿನ ಗಾದಿ ಮೆತ್ತಗಿತ್ತು, ಕಿವಿ ಪೂರ್ತಿ ಒಳಗೆ ಕೂತಿತ್ತು. ಮೂರನೆಯದಕ್ಕೆ ಗಾದಿಯ ಕೆಳಗೆ ಬೆವರು. ನಾಲ್ಕನೆಯದಕ್ಕೆ ಕಣ್ಣಿನ ಚಾಳೀಸಿನ ಕಡ್ಡಿ ಕಿವಿಯ ಹಿಂದಿನ ಎಲುಬಿಗೆ ಒತ್ತತೊಡಗಿತು, ಚಾಳೀಸು ತೆಗೆದಿಟ್ಟಳು. ಆರನೆಯದಕ್ಕೆ ನೆತ್ತಿ ಉರಿ. ಏಳನೆಯದಕ್ಕೆ ಎರಡೂ ಕಿವಿ ತನ್ನವಲ್ಲ ಅನ್ನಿಸಿತು. ನೋವೂ ಅಲ್ಲ, ಯಾರದೋ ಕಿವಿ ತಂದು ತನಗೆ ಹಚ್ಚಿದ ಹಾಗೆ. ಸೋಮವಾರದಿಂದ ತನ್ನ ಮೈಯೆಲ್ಲ ಹೀಗೇ ಇದೆಯಲ್ಲ ಎಂದು ನೆನೆದಳು. ನೆನೆದು, 'ಕ' ಎಂದು ಬರೆದಳು.

ಹನ್ನೆರಡಕ್ಕೆ ಟೇಪು ಮುಗಿಯಿತು. ಹೆಡ್‌ಫೋನು ತೆಗೆದಾಗ ಕೋಣೆಯ ಸದ್ದು ಒಮ್ಮೆಗೇ ಒಳಗೆ ಬಂತು: ನೊಣ, ಗಡಿಯಾರ, ದೂರದಲ್ಲಿ ಲೋಂಡಾ ಕಡೆಯ ಗೂಡ್ಸ್ ಗಾಡಿ.

"ಏಳು ಸಲ ಕೂಗೀನಿ," ಕಲ್ಲಯ್ಯ ಬಂದ. ಅವನ ದನಿ ಒಡೆದಿತ್ತು. "ಒಮ್ಮೆ ಹಿತ್ತಾಳಿ ಕೊಡಾನೂ ಒಗದೆ. ಕೇಳಿತೇನು?"

"ಇಲ್ಲ. ಸೋಮವಾರದ ಪುಟ ತಗಿ."

ಕಲ್ಲಯ್ಯ ಸೀಲು ಮಾಡಿದ ಅರಿವೆ ಬಿಚ್ಚಿ ಬುಕ್ಕು ತೆಗೆದ. ಶಿವಲಿಂಗವ್ವ ತಾನು ಬರೆದ ಹಾಳೆಯನ್ನು ಅದರ ಬಾಜೂಕ್ಕೆ ಇಟ್ಟಳು. ಕುಂದಾಳ ಬಲಗಿವಿಯ ಸಾಲು: ಉ, ಉ, ಮ, ಮ, ಮ, ಮ, ಕ, ಕ. ಶಿವಲಿಂಗವ್ವನದೂ ಹೆಚ್ಚುಕಡಿಮೆ ಅದೇ. ಪ್ರತಿ ಗುರುತಿನ ಮುಂದೆ ಕುಂದಾ ಸಣ್ಣ ಅಕ್ಷರದಲ್ಲಿ ಮಾತು ಬರೆದಿದ್ದಳು. 'ಗಾದಿ ಬೆವರುತ್ತದೆ.' 'ತಾಳ ಚುಚ್ಚುತ್ತದೆ.' 'ಗಂಟೆಯ ಬಾಲ ಕೊನೆಯವರೆಗೂ ಕೇಳುತ್ತದೆ.'

"ಖರೇ ಕಿವಿ," ಶಿವಲಿಂಗವ್ವ ಅಂದಳು. "ಈಕಿ ಎರಡು ತಾಸು ಕುಂತಾಳ. ಎದ್ದು ಹೋಗಿ ಮನಷ್ಯಾನ್ನ ಕೊಂದು ಬಂದು ಇಷ್ಟು ಬರಿಯಾಕ ಆಗಾಂಗಿಲ್ಲ."

"ಎಡಗಡೆ ಸಾಲು ನೋಡು."

ಅಲ್ಲಿ ಎಂಟೂ ಮನೆಯಲ್ಲಿ 'ಉ'. ಒಂದರ ಕೆಳಗೊಂದು, ಎಂಟು. ಮುಂದೆ ಮಾತಿಲ್ಲ.

ಶಿವಲಿಂಗವ್ವ ಹಿಂದಿನ ಪುಟಗಳನ್ನು ತಿರುವಿದಳು. ಎಡಗಿವಿಯ ಸಾಲಿನಲ್ಲಿ ಎಲ್ಲೂ ಮಾತು ಇರಲಿಲ್ಲ, ಬರೀ ಗುರುತು. ಆದರೆ ಎಲ್ಲ ಪುಟದಲ್ಲೂ ಉ ಹೋಗಿ ಮ ಆಗುತ್ತಿತ್ತು, ಮ ಹೋಗಿ ಕ ಆಗುತ್ತಿತ್ತು. ಎಂಟಕ್ಕೆ ಎಂಟು ಉ ಇದ್ದದ್ದು ಸೋಮವಾರ ಒಂದೇ.

"ಎಂಟು ಉ ಯಾವ ಕಿವೀನೂ ಕೊಡಾಂಗಿಲ್ಲ," ಎಂದಳು.

"ಅಂದ್ರ ಸುಳ್ಳು ಬರದಾಳ. ಎಡಗಿವ್ಯಾಗ ಸುಳ್ಳು ಬರದಾಕಿ ಬಲಗಿವ್ಯಾಗ ಖರೇ ಬರದಾಳ ಅಂತ ನಾ ಮ್ಯಾಲಿನವರಿಗೆ ಹೆಂಗ ಹೇಳಲಿ ಅತ್ತಿ?"

"ಹೇಳಬ್ಯಾಡ. ಆಕಿನ್ನ ಒಳಗ ಕರಿ. ನೀ ಆಕಿ ಎಡಕ್ಕ ನಿಂದರು."

ಕುಂದಾ ಬೆಳಗಿನಿಂದ ಕಟ್ಟೆಯ ಮೇಲೆ ಕೂತಿದ್ದಳು. ಇಪ್ಪತ್ತೊಂಬತ್ತರ ಹೆಂಗಸು. ಗುಂಜಿಯಿಂದ ದಿನಾ ರೈಲಿಗೆ ಬರುವವಳು, ಮನೆಯಲ್ಲಿ ತಾಯಿ ಒಬ್ಬಳೇ. ಒಳಗೆ ಬಂದು, ಹೇಳಿದ ಕಡೆ ಕೂತಳು. ಕಣ್ಣು ಕೆಂಪಾಗಿರಲಿಲ್ಲ, ತಲೆ ನೀಟಾಗಿ ಬಾಚಿತ್ತು. ಯಾರದೋ ಮನೆಯ ಕೆಲಸಕ್ಕೆ ಬಂದು ಕೂತ ಹಾಗಿತ್ತು.

"ಚಹಾ ಕುಡಿದೇನವಾ?" ಕಲ್ಲಯ್ಯ ಎಡದಿಂದ, ಮೆಲ್ಲಗೆ ಕೇಳಿದ.

ಅವಳು ಗೋಡೆ ನೋಡುತ್ತಿದ್ದಳು.

"ನಿನ್ನೇ ಕೇಳಾಕತ್ತೀನಿ."

ಅವನ ನೆರಳು ಮೇಜಿನ ಮೇಲೆ ಅಲ್ಲಾಡಿತು. ಕುಂದಾ ಇಡೀ ಮುಖ ತಿರುಗಿಸಿ ನೋಡಿದಳು. "ಏನಂದ್ರಿ ಸಾಹೇಬ್ರ?"

ಶಿವಲಿಂಗವ್ವ ಟೇಪನ್ನು ಹೆಂಗಸು ಎಣಿಸುವ ಕಡೆಗೆ ತಿರುಗಿಸಿ ಇಟ್ಟಳು. ಬಲಗಿವಿಯ ಗುಂಡಿಯನ್ನು ಪೂರ್ತಿ ಇಳಿಸಿ ಎಡದ್ದನ್ನು ಪೂರ್ತಿ ಏರಿಸಿದಳು. ಹೆಡ್‌ಫೋನನ್ನು ಕುಂದಾಳ ತಲೆಗೆ ತೊಡಿಸಿ ಯಂತ್ರ ಶುರು ಮಾಡಿದಳು. ಅಂಕಿಗಳು ಎಡ ಬಟ್ಟಲಿನ ಅಂಚಿನಿಂದ ಸೋರಿ ನಿಂತವರಿಗೂ ಕೇಳುತ್ತಿದ್ದವು. ಅರವತ್ತು. ಅರವತ್ತೊಂದು.

ಏನು ಕೇಳುತ್ತದೆ ಎಂದು ಶಿವಲಿಂಗವ್ವ ಕೈಸನ್ನೆಯಲ್ಲಿ ಕೇಳಿದಳು.

"ತಂಬೂರಿ," ಎಂದಳು ಕುಂದಾ.

ಕಲ್ಲಯ್ಯ ಅತ್ತೆಯ ಮುಖ ನೋಡಿದ. ಅತ್ತೆ ಗುಂಡಿ ಒತ್ತಿ ಟೇಪು ನಿಲ್ಲಿಸಿ, ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟು, ಕುಂದಾಳ ಬಲಕ್ಕೆ ಬಂದು ಕೂತಳು.

"ಎಷ್ಟು ವರ್ಷ ಆತು ತಂಗಿ?"

ಕುಂದಾ ಎಡಗಿವಿಯ ಹಿಂದಿನ ಕೂದಲು ಸರಿಸಿದಳು. ಅಲ್ಲಿ ಬಿಳಿಯ ಗಾಯದ ಗೆರೆ ಇತ್ತು.

"ಎಂಟು ವರ್ಷದಾಕಿ ಇದ್ದೆ. ಕಿವಿ ಸೋರತಿತ್ತು. ಆಪರೇಷನ್ ಮಾಡಿದ್ರು. ಸೋರೋದು ನಿಂತಿತು, ಕೇಳೋದೂ ನಿಂತಿತು. ಚರ್ಮಾ ಸೈತ ಜೋಮು." ಅವಳು ಕಿವಿಯ ಹಾಲೆಯನ್ನು ಉಗುರಿನಿಂದ ಚಿವುಟಿ ತೋರಿಸಿದಳು. ಉಗುರಿನ ಗುರುತು ಬಿತ್ತು. ಮುಖ ಹಾಗೇ ಇತ್ತು. "ನೋಡ್ರಿ. ಏನೂ ಇಲ್ಲ."

"ಹಂಗಾದರ ಎರಡು ವರ್ಷ ಈ ಎಡಗಡೆ ಸಾಲು ಬರದಾವ್ರು ಯಾರು?"

"ದುಂಡಪ್ಪಣ್ಣಾರು."

ಕಲ್ಲಯ್ಯ ಹತ್ತಿರ ಬಂದ, ಬಲಗಡೆಯಿಂದ. "ಏನಂದಿ?"

"ಮೊದಲನೇ ವಾರದಾಗ ಅವರಿಗೆ ತಿಳೀತು. ಬಯ್ಯಲಿಲ್ರಿ. ಗ್ವಾಡಿಗೆ ಒಂದು ತೂತು ಕೊರದು, ಇದೇ ಯಂತ್ರದಿಂದ ಹಿಂದಿನ ಖೋಲಿಗೆ ವೈರು ಎಳದ್ರು. ನಾ ಇಲ್ಲಿ ಕುಂದರತಿದ್ದೆ, ಅವರು ಅಲ್ಲಿ ಅದೇ ಕಂತಿನ ಇನ್ನೊಂದು ಹಾಕ್ಕೊಂಡು ಕುಂದರತಿದ್ರು. ಎರಡು ತಾಸೂ. ಹನ್ನೆರಡಕ್ಕ ಬಂದು ಎಡಗಿವಿ ಸಾಲು ತುಂಬತಿದ್ರು. ನಿನ್ನ ಬಲಗಿವಿ ನಾಕು ಮಂದಿ ಕಿವಿಗೆ ಸಮ ಐತಿ, ಎಡಕ್ಕ ನಾ ಅದೀನಿ ಅಂತಿದ್ರು."

ಶಿವಲಿಂಗವ್ವ ಎದ್ದು ಗೋಡೆಯ ಬುಡ ನೋಡಿದಳು. ಯಂತ್ರದ ಹಿಂದೆ ಬೆರಳು ಹೋಗುವಷ್ಟು ತೂತು, ಒಳಗೆ ಕರಿಯ ವೈರು. ಸೋಮವಾರ ಹೆಣದ ಬಾಜೂಕ್ಕೆ ಒಂದು ಹೆಡ್‌ಫೋನು ಬಿದ್ದಿದ್ದನ್ನು ಕಲ್ಲಯ್ಯ ಪಂಚನಾಮೆಯಲ್ಲಿ 'ದುರಸ್ತಿಗೆ ತಂದದ್ದು' ಎಂದು ಬರೆದಿದ್ದ.

ಹಾಗಾದರೆ ದುಂಡಪ್ಪನಿಗೂ ಕೇಳಿರಲಿಲ್ಲ. ಹಿಂಬಾಗಿಲು ತೆರೆದದ್ದು, ಹೆಜ್ಜೆ ಬಂದದ್ದು ಯಾವುದೂ. ಅವನ ತಲೆಯ ನಟ್ಟನಡುವೆ ಗಂಟೆ ಹೊಡೆಯುತ್ತಿತ್ತು. ಪೆಟ್ಟು ಬಿದ್ದ ಮೇಲಷ್ಟೇ ಚೀರಿದ್ದ.

"ಇದನ್ನ ಸೋಮವಾರನ ಯಾಕ ಹೇಳಲಿಲ್ಲ?" ಕಲ್ಲಯ್ಯ ಕೇಳಿದ.

"ಒಂದ ಕಿವಿ ಅಂತ ತಿಳಿದ್ರ ಕೆಲಸಾ ಹೋಗತಿತ್ರಿ."

"ಫಾಶಿ ಆಗಿದ್ರ ಕೆಲಸಕ್ಕ ಯಾರು ಬರತಿದ್ರು, ನಿನ್ನ ದೆವ್ವ?"

"ಗೊತ್ತಿಲ್ರಿ ಸಾಹೇಬ್ರ." ಅವಳ ದನಿಯಲ್ಲಿ ಏರಿಳಿತವಿರಲಿಲ್ಲ. "ಸೋಮವಾರದಿಂದ ನನಗ ಏನೂ ತಿಳಿಯವಲ್ದು. ನೀರು ಬಿಸೀನೋ ತಣ್ಣಗೋ ಅದೂ ತಿಳಿಯವಲ್ದು."

ಶಿವಲಿಂಗವ್ವ ಅವಳ ಕೈ ಹಿಡಿಯಲಿಲ್ಲ. ಹಿಡಿದರೂ ಇಬ್ಬರಿಗೂ ತಿಳಿಯುವಂತಿರಲಿಲ್ಲ. ಬುಕ್ಕನ್ನು ಅವಳ ಮುಂದೆ ಸರಿಸಿದಳು.

"ಸೋಮವಾರ ದುಂಡಪ್ಪ ಹನ್ನೊಂದಕ್ಕ ಸತ್ತ. ಎಡಗಡೆ ಸಾಲು ಯಾರು ತುಂಬಿದ್ರು ತಂಗಿ? ನೀನೇನು?"

"ಯಾರೂ ಇಲ್ರಿ. ಖಾಲಿ ಐತಿ."

"ಖಾಲಿ ಇಲ್ಲ. ನೋಡು."

ಕುಂದಾ ನೋಡಿದಳು. ಒಂದು ಉ ಮುಟ್ಟಿದಳು, ಅದರ ಕೆಳಗಿನದನ್ನು ಮುಟ್ಟಿದಳು, ಕೊನೆಯವರೆಗೆ ಬೆರಳು ಇಳಿಸಿದಳು.

"ಖಾಲಿ ಇತ್ರಿ," ಎಂದಳು. "ಬಲಗಡೆ ಎಂಟನೇದು ಬರದೆ. ಪೆನ್ನು ಬುಕ್ಕಿನ ಮ್ಯಾಲೆ ಇಟ್ಟೆ. ಅಣ್ಣಾರು ಬರಲಿಲ್ಲಂತ ಕರಿಯಾಕ ಒಳಗ ಹೋದೆ. ಅಲ್ಲಿಂದ ಓಡಿದೆ. ಖಾಲಿ ಇತ್ತು."

ಕಲ್ಲಯ್ಯ ಬೆರಳು ಮಡಚಿ ಹೊತ್ತು ಲೆಕ್ಕ ಹಾಕಿದ. ಹನ್ನೆರಡೂ ಕಾಲಿಗೆ ಇವಳು ಬರಿಗಾಲಲ್ಲಿ ಠಾಣೆಯ ಮೆಟ್ಟಿಲು ಹತ್ತಿದ್ದಳು. ಬಾಯಿಂದ ಮಾತು ಹೊರಡಲು ಒಂದು ತಾಸು ಹಿಡಿದಿತ್ತು. ತಾನು ಇಲ್ಲಿಗೆ ಬಂದು ಬುಕ್ಕು ಜಪ್ತಿ ಮಾಡಿದ್ದು ಒಂದೂವರೆಗೆ. ಅಲ್ಲಿಯವರೆಗೆ ಮನೆ ತೆರೆದೇ ಇತ್ತು, ಒಳಗೆ ಹೆಣ ಮಾತ್ರ.

"ಕೊಂದಾವ ಮನ್ಯಾಗ ಹೆಣಾ ಇಟಗೊಂಡು, ಪೆನ್ನು ಹಿಡದು, ಕುಂತು ಉ ಬರದಾನೇನು? ಹುಚ್ಚನ ಅವ?"

"ಹುಚ್ಚಲ್ಲ, ರೂಢಿ," ಶಿವಲಿಂಗವ್ವ ಅಂದಳು. ಅವಳ ಕಣ್ಣು ಗೋಡೆಯ ಕಾಗದದ ಮೇಲಿತ್ತು. "ಖಾಲಿ ಮನಿ ಕಂಡ್ರ ಕೈ ತಾನ ತುಂಬತೈತಿ. ಹೊರಗಿನಾವಗ ಆ ಚಿಂತಿ ಇರಾಂಗಿಲ್ಲ. ಇದು ಕಾರ್ಖಾನಿ ಒಳಗಿನ ಕೈ." ಆಮೇಲೆ ಕುಂದಾಳಿಗೆ: "ನಿನ್ನ ಎಡಗಿವಿ ಸಂಗತಿ ಕಾರ್ಖಾನ್ಯಾಗ ಮತ್ತ ಯಾರಿಗೆ ಗೊತ್ತು?"

"ಯಾರಿಗೂ ಇಲ್ರಿ. ಅಣ್ಣಾರೊಬ್ಬರಿಗೇ."

ಕಲ್ಲಯ್ಯ ಟೋಪಿ ಎತ್ತಿಕೊಂಡ. "ಪುಟ ತುಂಬುವಾಗ ಈಕಿ ಠಾಣ್ಯಾಗ ನನ್ನ ಕಣ್ಣ ಮುಂದ ಕುಂತಿದ್ಲು. ಇಷ್ಟು ಸಾಕು, ದಸ್ತಗಿರಿ ನಿಂದರಸತೀನಿ. ಬೆಳಗಾವಿಗೆ ಫೋನು ಮಾಡಿ ಬರ್ತೀನಿ. ನೀ ಮನೀಗೆ ಹೋಗವಾ, ನಿಮ್ಮವ್ವ ದಾರಿ ನೋಡತಿರತಾಳ."

ಕುಂದಾ ತಲೆಯಾಡಿಸಿದಳು. ಸಂತೋಷವೋ ದುಃಖವೋ ಮುಖದಲ್ಲಿ ತಿಳಿಯಲಿಲ್ಲ.

ಹೊರಗೆ ಕಾರು ನಿಂತ ಸದ್ದಾಯಿತು. ಬಾಗಿಲಲ್ಲಿ ಅವಧೂತರಾಯರು ಕಾಣಿಸಿಕೊಂಡರು. ಬಿಳಿಯ ಪ್ಯಾಂಟು, ಕೈಯಲ್ಲಿ ಕಾರಿನ ಬೀಗದ ಕೈ. ಸೋಮವಾರ ಸಂಜೆ ನಾಲ್ಕರವರೆಗೆ ಉದ್ಯಮಬಾಗ ಬಿಟ್ಟು ಅಲ್ಲಾಡಿಲ್ಲವೆಂದೂ, ಕುಂದಾಳ ಎರಡೂ ಕಿವಿ ಬಂಗಾರವೆಂದೂ ಅವರು ಹೇಳಿಕೆ ಕೊಟ್ಟಿದ್ದರು.

"ಏನಾತು ಸಾಹೇಬ್ರ, ನಮ್ಮ ಹುಡುಗೀನ ಒಯ್ಯಾವ್ರೇನು? ವಕೀಲರಿಗೆ ಹೇಳೀನಿ."

"ವಕೀಲರು ಬ್ಯಾಡ್ರಿ. ಬಿಟ್ಟೀವಿ," ಎಂದ ಕಲ್ಲಯ್ಯ, ಜೀಪಿನ ಕಡೆ ಹೊರಟ.

"ಭಾಳ ಚಲೋ ಆತು. ಭಾಳ ಚಲೋ."

ಬಾಗಿಲು ಕುಂದಾಳ ಎಡಕ್ಕಿತ್ತು. ಎರಡು ಹೆಜ್ಜೆ ಇಟ್ಟಿದ್ದರೆ ಅವಳ ಪಕ್ಕ ನಿಂತು ಮಾತಾಡಬಹುದಿತ್ತು. ಅವಧೂತರಾಯರು ಹಾಗೆ ಮಾಡಲಿಲ್ಲ. ಮೇಜನ್ನು ಸುತ್ತಿ, ನೆಲದ ವೈರು ದಾಟಿ, ಗೋಡೆಗೂ ಕುರ್ಚಿಗೂ ನಡುವಿನ ಸಂದಿಯಲ್ಲಿ ಹೊಟ್ಟೆ ಒಳಗೆಳೆದುಕೊಂಡು ತೂರಿ, ಅವಳ ಬಲಕ್ಕೆ ಬಂದರು. ಅಲ್ಲಿ ಬಗ್ಗಿ, ಮೆಲುದನಿಯಲ್ಲಿ ಹೇಳಿದರು.

"ನಡಿ ಕುಂದಾ. ಗಾಡಿ ತಂದೀನಿ. ಗುಂಜಿಗೆ ಬಿಟ್ಟು ಬರ್ತೀನಿ."

ದುಂಡಪ್ಪನೊಬ್ಬನಿಗೇ ಗೊತ್ತೆಂದು ಕುಂದಾ ಹೇಳಿದ್ದ ಎಡಗಿವಿಯ ಸಂಗತಿ ಇವರಿಗೂ ಗೊತ್ತಿತ್ತು. ಶಿವಲಿಂಗವ್ವ ಬಾಗಿಲ ಕಡೆ ನೋಡಿದಳು. ಜೀಪು ಅಷ್ಟರಲ್ಲಿ ಓಣಿ ದಾಟಿತ್ತು. ಕೂಗಿದರೆ ಕೇಳುವಂತಿರಲಿಲ್ಲ. ಕೂಗಿ ಹೇಳುವುದಾದರೂ ಏನು? ಒಬ್ಬ ಮನುಷ್ಯ ಮೇಜು ಸುತ್ತಿ ಹೋದನೆಂದೇ? ಅದನ್ನು ಯಾವ ಕೋರ್ಟು ಬರೆದುಕೊಳ್ಳುತ್ತದೆ?

ಕುಂದಾ ಎದ್ದಿದ್ದಳು. ಎಬ್ಬಿಸಿದರೆ ಏಳುವ, ಕೂರಿಸಿದರೆ ಕೂಡುವ ಹಾಗೆ.

"ಗುಂಜಿಗೇನ್ರಿ?" ಶಿವಲಿಂಗವ್ವ ಚೀಲ ಎತ್ತಿಕೊಂಡಳು. "ನನ್ನನ್ನೂ ಒಯ್ಯರಿ. ಅಲ್ಲಿ ನಮ್ಮ ಬೀಗರ ಮನಿ ಐತಿ."

ಅವಧೂತರಾಯರು ಅವಳನ್ನು ಮೊದಲ ಸಲ ಸರಿಯಾಗಿ ನೋಡಿದರು. "ಬರ್ರಿ ಬರ್ರಿ. ಮುದುಕರು ಬಸ್ಸಿಗೆ ಯಾಕ ಕಾಯಬೇಕು?"

ಕಾರಿನಲ್ಲಿ ಕುಂದಾಳನ್ನು ಅವರು ಮುಂದೆ, ತಮ್ಮ ಎಡಕ್ಕೆ ಕೂರಿಸಿಕೊಂಡರು. ಶಿವಲಿಂಗವ್ವ ಹಿಂದೆ. ಊರು ಮುಗಿಯುವಲ್ಲಿ ಗುಂಜಿಯ ದಾರಿ ಬಂತು. ಕಾರು ಅದನ್ನು ಬಿಟ್ಟು ಜಾಂಬೋಟಿಯ ಕಡೆ, ಕಾಡಿನ ರಸ್ತೆಗೆ ಹೊರಳಿತು.

"ಗುಂಜಿ ಹಿಂದ ಉಳೀತ್ರಿ," ಶಿವಲಿಂಗವ್ವ ಅಂದಳು.

ಅವಧೂತರಾಯರು ರಸ್ತೆಯ ಮೇಲಿಂದ ಕಣ್ಣು ತೆಗೆಯದೆ ಕುಂದಾಳ ಬಲಗಿವಿಗೆ ಏನೋ ಹೇಳಿದರು. ಎಂಜಿನ್ನಿನ ಸದ್ದಿನಲ್ಲಿ ಒಂದು ಅಕ್ಷರವೂ ಹಿಂದಿನವರೆಗೆ ಬರಲಿಲ್ಲ.

ಕುಂದಾ ಹಿಂದಿರುಗಿ ನೋಡಲಿಲ್ಲ. ಬಹಳ ದಿನದಿಂದ ಕೇಳಿ ಗೊತ್ತಿದ್ದ ಮಾತಿಗೆ ಒಪ್ಪುವವಳ ಹಾಗೆ ನಿಧಾನವಾಗಿ ತಲೆಯಾಡಿಸಿ, ಕೈ ಚಾಚಿ, ಶಿವಲಿಂಗವ್ವನ ಪಕ್ಕದ, ಹಿಂದಿನ ಬಾಗಿಲಿನ ಬೀಗದ ಗುಂಡಿಯನ್ನು ಕೆಳಗೆ ಒತ್ತಿದಳು.